ಅಪ್ಪನ ಎಡಗಡೆಯ ಜಾಗ

ರಿಟೈರ್ ಆದ ಮೇಲೆ ಗಂಡಸರು ವಾಕಿಂಗು, ಭಜನೆ, ಇಸ್ಪೀಟು, ಇಷ್ಟರಲ್ಲಿ ಯಾವುದಾದರೂ ಒಂದನ್ನು ಹಿಡಿದುಕೊಂಡರೆ ಊರಿಗೆ ಕ್ಷೇಮ. ನಮ್ಮ ಕಡೆಯ ಕೆಲವರು ಸಮಾಧಿಗಳನ್ನು ಹಿಡಿದುಕೊಂಡರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳ ಸಮಾಧಿ ಕಲ್ಲುಗಳನ್ನೆಲ್ಲ ಓದುವುದು, ಅವುಗಳ ಮೇಲಿರುವ ಹೆಸರು, ಹುಟ್ಟು, ಸಾವು, ಮಕ್ಕಳು ಮರಿಗಳ ವಿವರ ಬರೆದುಕೊಂಡು ಕಂಪ್ಯೂಟರಿಗೆ ಏರಿಸುವುದು ಅವರ ಕೆಲಸ. ಯಾರಿಗೆ ಬೇಕಂತೆ ಇದು? ಎಲ್ಲೆಲ್ಲೋ ಕೂತವರು ತಮ್ಮ ತಾತ ಮುತ್ತಾತಂದಿರನ್ನು ಹುಡುಕಿಕೊಳ್ಳುವುದಕ್ಕಂತೆ. ಕೂಲಿ ಇಲ್ಲ, ಕಾಸಿಲ್ಲ, ಬರೀ ಸೇವೆ. ಬಿಟ್ಟಿ ಸೇವೆ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ. ಅವರಿಗೆ ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಗುಂಪಿನ ಯಜಮಾನರು ನನಗೆ ಏಳನೇ ಕ್ಲಾಸಿನವರೆಗೆ ಪಾಠ ಹೇಳಿದ ಹೆಡ್‌ಮೇಷ್ಟ್ರು. ಕೆಂಚಾರ್ಲಹಳ್ಳಿ ಕಡೆಯ ನಮ್ಮೂರಿನ ಶಾಲೆಯಲ್ಲಿ ಬಹಳ ವರ್ಷ ಇದ್ದು, ಆಮೇಲೆ ಚಿಂತಾಮಣಿಯಲ್ಲಿ ಮನೆ ಕಟ್ಟಿಕೊಂಡರು. ಪ್ರಾರ್ಥನೆಗೆ ನಿಂತಾಗ ಗಿಡ್ಡವರು ಮುಂದೆ, ಉದ್ದವರು ಹಿಂದೆ, ಸಾಲು ಒಂದು ಚೂರು ಡೊಂಕಾದರೂ ಮೊಣಕಾಲಿಗೆ ಬೆತ್ತ. ಅಕ್ಷರ ದುಂಡಗಿರಬೇಕು, ಸಾಲು ನೆಟ್ಟಗಿರಬೇಕು, ಮಿಕ್ಕಿದ್ದನ್ನು ದೇವರು ನೋಡಿಕೊಳ್ಳುತ್ತಾನೆ ಅನ್ನುವುದೇ ಅವರ ವಿದ್ಯೆ. ಅವರ ಬಲಗೈ ಬಂಟ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು. ದೊಡ್ಡ ಫೋನು, ತಲೆಗೊಂದು ಬಿಳಿ ಟೋಪಿ, ಎಲ್ಲದಕ್ಕೂ ‘ಕರೆಕ್ಟ್, ಕರೆಕ್ಟ್’ ಅನ್ನುವ ಚಾಳಿ.

ಅವರು ಕೆಲಸ ಮಾಡುವುದನ್ನು ಒಮ್ಮೆ ಕೈವಾರದ ಹತ್ತಿರ ಬಸ್ಸಿಗೆ ಕಾಯುತ್ತಾ ನೋಡಿದ್ದೆ. ರಸ್ತೆ ಪಕ್ಕದ ಹೊಲದಲ್ಲಿ ಯಾರದೋ ಹಳೇ ಸಮಾಧಿ. ಮೇಷ್ಟ್ರು ಕಲ್ಲಿನ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಅಕ್ಷರ ಬೆಳ್ಳಗೆ ಎದ್ದಮೇಲೆ ಒಂದೊಂದೇ ಪದ ಎರಡೆರಡು ಸಲ ಓದುತ್ತಿದ್ದರು. ಥೇಟ್ ಉಕ್ತಲೇಖನ. ಮ್ಯಾನೇಜರು ಫೋನಿನಲ್ಲಿ ಒತ್ತುತ್ತಿದ್ದರು. ಮುಗಿದ ಮೇಲೆ ಇಬ್ಬರೂ ಕಲ್ಲಿನ ಆಚೀಚೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಸತ್ತವನ ಮನೆಗೆ ಮದುವೆಗೆ ಬಂದ ಬೀಗರ ಹಾಗಿದ್ದರು. ಬೆಂಗಳೂರಿನವನೊಬ್ಬ ಈ ಗುಂಪಿನ ದಯದಿಂದ ತನ್ನ ಮುತ್ತಜ್ಜಿಯ ಕಲ್ಲು ಸಿಕ್ಕಿತೆಂದು ಸ್ಟೇಟಸ್ ಹಾಕಿದ್ದನಂತೆ. ಅವನು ನಮಗೆ ದೂರದ ಸಂಬಂಧ. ಬದುಕಿರುವ ಸ್ವಂತ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಒಂದು ಫೋನು ಮಾಡದವನು, ಮುಖ ನೋಡದ ಮುತ್ತಜ್ಜಿಗೆ ಕಣ್ಣೀರಿಟ್ಟಿದ್ದ. ಥೂ ಇವನ ಅನ್ನಿಸಿತ್ತು. ಆದರೂ ಆಗ ನನಗೆ ಅದೊಂದು ತಮಾಷೆ ಅಷ್ಟೇ. ನಮ್ಮ ಗಂಟೇನೂ ಹೋಗಿರಲಿಲ್ಲ.

ಆ ಹೊತ್ತಿಗೆ ಅಮ್ಮ ನನ್ನ ಜೊತೆ ಶಿಡ್ಲಘಟ್ಟದಲ್ಲಿದ್ದಳು. ನಾನು ಅಲ್ಲಿ ರೇಷ್ಮೆ ವ್ಯಾಪಾರದ ಒಂದು ಆಫೀಸಿನಲ್ಲಿ ಗುಮಾಸ್ತೆ. ಅಮ್ಮನ ಹೊಟ್ಟೆಯ ಗಡ್ಡೆ ಕೈ ಮೀರಿದೆ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಮ್ಮ ಅಳಲಿಲ್ಲ. ಅವಳಿಗೆ ಸಾವಿನ ಯೋಚನೆ ಇರಲಿಲ್ಲ, ಜಾಗದ ಯೋಚನೆ ಇತ್ತು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಗಂಡನ ಎಡಗಡೆ ಹೆಂಡತಿಯ ಜಾಗ.

‘ನಿಮ್ಮಪ್ಪನ ಎಡಗಡೆ ಹಾಕ್ಬೇಕು ಕಣೇ ನನ್ನ. ಮದ್ವೆ ದಿನ ಹಸೆ ಮೇಲೆ ಎಡಗಡೆ ಕೂರ್ಸಿದ್ರು ನೋಡು, ಅದೇ ಲಾಸ್ಟು. ಆಮೇಲೆ ಆ ಮನುಷ್ಯ ಪಕ್ಕದಲ್ಲಿ ಕೂತಿದ್ದೇ ಇಲ್ಲ. ಇವಾಗಾದ್ರೂ ಎದ್ದೋಗೋದಿಲ್ವಲ್ಲ.’

ಅಪ್ಪ ಲಾರಿ ಡ್ರೈವರು. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅವನು ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಊರ ಸ್ಮಶಾನದಲ್ಲಿ ತಲೆಯ ಕಡೆ ಹೆಸರು ಕೆತ್ತಿಸಿದ ಕಲ್ಲು, ಕಾಲ ಕಡೆ ಕಳ್ಳಿ ಗಿಡದ ಮೆಳೆ, ನಡುವೆ ಅಪ್ಪ. ಎಡಗಡೆಯ ಆರಡಿ ಜಾಗವನ್ನು ಅಮ್ಮ ಸೈಟಿನ ಹಾಗೆ ಕಾಯ್ದುಕೊಂಡು ಬಂದಿದ್ದಳು. ಒಮ್ಮೆ ನೆಂಟರೊಬ್ಬರು ತೀರಿಕೊಂಡಾಗ ಹುಡುಗರು ಅಲ್ಲೇ ಗುಂಡಿ ತೋಡಲು ಹೊರಟಿದ್ದರಂತೆ. ಅಮ್ಮ ಸೀರೆ ಎತ್ತಿ ಕಟ್ಟಿಕೊಂಡು ಹೋಗಿ ಆ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ‘ತೋಡ್ರೋ. ನನ್ನೂ ಸೇರ್ಸಿ ಮುಚ್ರೋ’ ಎಂದಳಂತೆ. ಹೆಣ ಹೊತ್ತವರೇ ಬೇರೆ ಜಾಗ ನೋಡಿಕೊಂಡರು. ಅಲ್ಲಿಂದಾಚೆ ಆ ಆರಡಿಯ ತಂಟೆಗೆ ಯಾರೂ ಬಂದಿರಲಿಲ್ಲ. ಮೇಷ್ಟ್ರು ಬರುವವರೆಗೆ.

ಒಂದು ಭಾನುವಾರ ಊರಿನ ವಾಟ್ಸಾಪ್ ಗುಂಪಿನಲ್ಲಿ ಮೇಷ್ಟ್ರ ಸಂದೇಶ ಬಂತು. ನಮ್ಮೂರ ರುದ್ರಭೂಮಿಯಲ್ಲಿ ಶ್ರಮದಾನ, ಪೂರ್ವಿಕರ ಋಣ ತೀರಿಸಿದ ಪುಣ್ಯ ದಿನ ಅಂತೆಲ್ಲ ಉದ್ದಕ್ಕೆ ಬರೆದು, ಕೆಳಗೆ ಫೋಟೋಗಳು. ಒಂದರಲ್ಲಿ ಅಪ್ಪನ ಹೆಸರಿತ್ತು. ಸೀಮೆಸುಣ್ಣ ತಿಕ್ಕಿದ ಅಕ್ಷರಗಳು ಸ್ಕ್ರೀನಿನ ತುಂಬ ಬೆಳ್ಳಗೆ ಕಾಣುತ್ತಿದ್ದವು. ಅಮ್ಮನಿಗೆ ತೋರಿಸಿದೆ. ಅವಳಿಗೆ ಓದಲು ಬಾರದು, ಆದರೂ ಗಂಡನ ಹೆಸರಿನ ಆಕಾರ ಗೊತ್ತು.

‘ಎಷ್ಟು ಚೆನ್ನಾಗಿ ತೊಳ್ದವ್ರೆ ಕಣೇ! ಮೇಷ್ಟ್ರು ಪುಣ್ಯಾತ್ಮರು. ಒಂದ್ಸಲ ಕರ್ಕೊಂಡೋಗು ನನ್ನ. ಕಾಲಲ್ಲಿ ಶಕ್ತಿ ಇರೋವಾಗ್ಲೇ ನೋಡ್ಕೊಂಡು ಬರ್ತೀನಿ.’

ಮುಂದಿನ ವಾರ ಕಾರು ಮಾಡಿಕೊಂಡು ಹೋದೆವು. ಅಮ್ಮ ಒಳ್ಳೆಯ ಸೀರೆ ಉಟ್ಟು, ಒಂದು ಮೊಳ ಕನಕಾಂಬರ ತೆಗೆದುಕೊಂಡಿದ್ದಳು. ಸ್ಮಶಾನಕ್ಕೆ ಹೊಸ ಗೇಟು, ಹೊಸ ಬೋರ್ಡು. ಒಳಗೆ ಕಾಲಿಟ್ಟೆವು. ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ತಪ್ಪಿ ಬೇರೆ ಊರಿಗೆ ಬಂದೆವೇನೋ ಅನ್ನಿಸಿತು. ಲಂಟಾನ ಇಲ್ಲ, ಕಳ್ಳಿ ಇಲ್ಲ, ಹುತ್ತ ಇಲ್ಲ, ಗೋರಿಗಳ ಒಂದು ದಿಬ್ಬವೂ ಇಲ್ಲ. ಹುಡುಗರು ಕ್ರಿಕೆಟ್ ಆಡುವಷ್ಟು ಚಪ್ಪಟೆ ಕೆಮ್ಮಣ್ಣಿನ ನೆಲ. ಸುತ್ತ ಕಾಂಪೌಂಡ್ ಗೋಡೆ. ಗೋಡೆಗೆ ಬೆನ್ನು ಕೊಟ್ಟು ಊರಿನ ಸಮಾಧಿ ಕಲ್ಲುಗಳಷ್ಟೂ ಸಾಲಾಗಿ ನಿಂತಿದ್ದವು. ಕೆಳಗೆ ಸಿಮೆಂಟು, ಮೇಲೆ ನೀಲಿ ಬಣ್ಣದಲ್ಲಿ ನಂಬರು. ಮೊದಲು ಸತ್ತವರು ಗೇಟಿನ ಕಡೆ, ಆಮೇಲೆ ಸತ್ತವರು ಆ ತುದಿಗೆ.

ಸತ್ತವರನ್ನು ಪ್ರಾರ್ಥನೆಗೆ ನಿಲ್ಲಿಸಿದ್ದ ಮಹಾನುಭಾವ!

ಅಮ್ಮ ನಿಧಾನವಾಗಿ ಗೋಡೆಯುದ್ದಕ್ಕೂ ನಡೆದು ಅಪ್ಪನ ಕಲ್ಲಿನ ಮುಂದೆ ನಿಂತಳು. ಆಚೀಚೆ ನೋಡಿದಳು. ಕಲ್ಲಿನ ಹಿಂದೆ ಗೋಡೆ, ಮುಂದೆ ಬಯಲು.

‘ಕಲ್ಲಿಲ್ಲಿದೆ, ನಿಮ್ಮಪ್ಪ ಎಲ್ಲಿ?’ ಎಂದಳು.

ಕಾರು ನೋಡಿ ನಮ್ಮ ಚಿಕ್ಕಪ್ಪನ ಮಗ ಓಡಿ ಬಂದ. ಊರಲ್ಲೇ ಹಸು ಕಟ್ಟಿಕೊಂಡಿರುವವನು, ಮೇಷ್ಟ್ರ ಹಳೇ ಶಿಷ್ಯ. ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

‘ಹೆಂಗಾಗದೆ ದೊಡ್ಡಮ್ಮ? ಜೇಸಿಬಿ ತರ್ಸಿ ಎರಡೇ ದಿನಕ್ಕೆ ಕ್ಲೀನ್! ಹಾವಿನ ಕಾಟ ಇಲ್ಲ, ಮುಳ್ಳಿಲ್ಲ. ಕಲ್ಲೆಲ್ಲ ಅಲ್ಲೊಂದು ಇಲ್ಲೊಂದು ಬಿದ್ದಿದ್ವಲ್ಲ, ಮೇಷ್ಟ್ರು ಎಲ್ಲಾ ಒಂದು ಲೈನಿಗೆ ತಂದ್ರು. ದೊಡ್ಡಪ್ಪನ ಕಲ್ಲು ನಾನೇ ಹೊತ್ಕೊಂಡ್ ಬಂದಿದ್ದು.’

‘ಎಲ್ಲಿಂದ ಹೊತ್ಕೊಂಡ್ ಬಂದೆ?’ ಕೇಳಿದೆ.

ಅವನು ಕೈ ಎತ್ತಿ ಬಯಲಿನ ಕಡೆ ತೋರಿಸಿದ. ಕೈ ಸ್ವಲ್ಪ ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ ಬಂತು, ಆಮೇಲೆ ಕೆಳಗಿಳಿಯಿತು.

‘ಅಲ್ಲೇ ಎಲ್ಲೋ ಅಕ್ಕ. ಅವತ್ತು ಗಲಾಟೇಲಿ… ಚಿತ್ರಾನ್ನ ಬೇರೆ ಬಂದ್ಬಿಟ್ಟಿತ್ತು.’

ಚಿತ್ರಾನ್ನ ಬಂದಿತ್ತಂತೆ! ನನ್ನ ಅಪ್ಪನನ್ನು ಒಂದು ತಟ್ಟೆ ಚಿತ್ರಾನ್ನದ ಗಡಿಬಿಡಿಯಲ್ಲಿ ಕಳೆದುಹಾಕಿದ್ದರು. ಅಮ್ಮನಿಗೆ ಸಿಟ್ಟು ನೆತ್ತಿಗೇರಿದರೆ ತೆಲುಗು ಬರುತ್ತಿತ್ತು. ‘ನೀ ಮೊಹಂ ಮಂಡಾ!’ ಎಂದು ಅವನಿಗೊಂದು ಶಾಪ ಹಾಕಿ, ನನ್ನ ಕೈ ಹಿಡಿದು ಬಯಲಿಗಿಳಿದಳು. ಇಲ್ಲೇ ಕಣೇ ಎಂದು ಒಂದು ಕಡೆ ನಿಂತಳು. ಅಲ್ಲ, ಕಳ್ಳಿ ಮೆಳೆ ಇನ್ನೂ ಆಚೆ ಇತ್ತು ಎಂದು ಮುಂದೆ ಹೋದಳು. ಹುತ್ತ ಯಾವ ಕಡೆ ಇತ್ತು ಎಂದು ನನ್ನನ್ನು ಕೇಳಿದಳು. ನಾನು ಒಂದು ಕಡೆ ಹೇಳಿದೆ, ಚಿಕ್ಕಪ್ಪನ ಮಗ ಇನ್ನೊಂದು ಕಡೆ ಹೇಳಿದ. ಮತ್ತೆ ವಾಪಸು ಬಂದು ಕಾಲಿನಿಂದ ನೆಲ ತಡವಿದಳು. ಎಲ್ಲ ಕಡೆಯೂ ಒಂದೇ ಮಣ್ಣು. ಕೊನೆಗೆ ಹೂವಿನ ಕವರು ಮಡಿಲಲ್ಲಿಟ್ಟುಕೊಂಡು ಕೆಮ್ಮಣ್ಣಿನ ಮೇಲೆ ಕೂತು, ಅಪ್ಪ ಸತ್ತ ದಿನ ಅತ್ತ ಹಾಗೆ ಅತ್ತಳು. ಗಡ್ಡೆ ಅಂದಾಗ ಅಳದವಳು.

ಅವತ್ತೇ ಅವಳನ್ನು ಮನೆಗೆ ಬಿಟ್ಟು ಚಿಂತಾಮಣಿಗೆ ಹೋದೆ. ಮೇಷ್ಟ್ರು ಬಾಗಿಲಲ್ಲೇ ‘ಏನಮ್ಮಾ, ಬಾರಮ್ಮಾ’ ಎಂದು ಸಂಭ್ರಮದಿಂದ ಕರೆದರು. ಮ್ಯಾನೇಜರೂ ಅಲ್ಲೇ ಇದ್ದರು. ನಾನು ಹೊಗಳಲು ಬಂದಿದ್ದೇನೆಂದು ಇಬ್ಬರೂ ತಿಳಿದಿದ್ದರು. ಪುಣ್ಯಾತ್ಮರಿಗೆ ಬೇರೆ ಯೋಚನೆಯಾದರೂ ಯಾಕೆ ಬರುತ್ತದೆ?

‘ಮೇಷ್ಟ್ರೇ, ನಮ್ಮಪ್ಪನ ಕಲ್ಲು ಮೊದ್ಲೆಲ್ಲಿತ್ತು?’

‘ಈಗ ಸೇಫಾಗಿದೆಯಲ್ಲಮ್ಮ. ಸಿಮೆಂಟ್ ಹಾಕ್ಸಿದೀವಿ.’

‘ಮೊದ್ಲೆಲ್ಲಿತ್ತು ಅಂತ ಕೇಳ್ದೆ.’

ಅವರು ಕಂಪ್ಯೂಟರು ಹಾಕಿದರು. ಅಪ್ಪನ ಹೆಸರು ಒತ್ತಿದ ತಕ್ಷಣ ಫೋಟೋ ಬಂತು. ಅದೇ ಫೋಟೋ, ಅಂಚಿನಿಂದ ಅಂಚಿಗೆ ಬರೀ ಅಕ್ಷರ. ನೆಲವಿಲ್ಲ, ಗಿಡವಿಲ್ಲ, ಪಕ್ಕದ ಕಲ್ಲಿಲ್ಲ. ಬೇರೆ ಫೋಟೋ ತೋರಿಸಿ ಎಂದೆ. ಊರಿನ ಕಲ್ಲುಗಳನ್ನೆಲ್ಲ ಒಂದೊಂದಾಗಿ ತೋರಿಸಿದರು. ಎಲ್ಲ ಅಷ್ಟೇ. ಜನನ, ಮರಣ, ಜನನ, ಮರಣ.

‘ಅಕ್ಷರ ಸ್ಪಷ್ಟವಾಗಿ ಬರ್ಬೇಕಲ್ಲಮ್ಮ, ಅದಕ್ಕೆ ಹತ್ರದಿಂದ ತೆಗ್ದಿದೀವಿ.’

‘ಕಲ್ಲು ಕೀಳೋಕೆ ಮುಂಚೆ ಒಂದು ತೆಗೀಬಾರ್ದಿತ್ತಾ? ದೂರದಿಂದ?’

‘ಮುಂಚೆ ಪೊದೆ ಇತ್ತಲ್ಲಮ್ಮ, ಚೆನ್ನಾಗ್ ಕಾಣ್ತಿರ್ಲಿಲ್ಲ.’

ಮ್ಯಾನೇಜರು ನಡುವೆ ಬಾಯಿ ಹಾಕಿದರು. ‘ಲೊಕೇಶನ್ ಇದೆ ಮೇಡಂ. ಕರೆಕ್ಟಾಗಿ ಹಾಕಿದೀನಿ.’ ಖುಷಿಯಾಗಿ ಅವರ ಫೋನು ನೋಡಿದೆ. ಎಲ್ಲ ಕಲ್ಲುಗಳಿಗೂ ಒಂದೇ ಲೊಕೇಶನ್ ಇತ್ತು, ಸ್ಮಶಾನದ ಗೇಟು. ಈ ಮನುಷ್ಯ ಬ್ಯಾಂಕಿನಲ್ಲಿ ಜನರ ಒಡವೆ ಅಡ ಇಟ್ಟುಕೊಂಡು ವಾಪಸು ಕೊಟ್ಟಿದ್ದಾದರೂ ಹೇಗೆ ಅನ್ನಿಸಿತು.

ಅಮ್ಮನ ವಿಷಯ ಹೇಳಿದೆ. ಡಾಕ್ಟರು ಹೇಳಿದ್ದು, ಎಡಗಡೆಯ ಜಾಗ, ಅವಳು ಬಯಲಲ್ಲಿ ಕೂತು ಅತ್ತಿದ್ದು, ಎಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಪಾಪ, ಬೇಜಾರಾಯಿತೇನೋ ಅಂದುಕೊಂಡೆ. ಒರೆಸಿ ಮತ್ತೆ ಹಾಕಿಕೊಂಡು, ‘ನೋಡಮ್ಮ, ಭಾವನೆ ಬೇರೆ, ದಾಖಲೆ ಬೇರೆ. ಮಳೇಲಿ ಬಿಸಿಲಲ್ಲಿ ಹಾಳಾಗೋ ಮಾಹಿತೀನ ನಾವು ಉಳಿಸಿದೀವಿ. ನಿನ್ನ ಮೊಮ್ಮಕ್ಕಳು ಅಮೆರಿಕದಲ್ಲಿದ್ರೂ ನೋಡ್ಬಹುದು’ ಎಂದರು.

‘ಮಾಹಿತಿ ಪಕ್ಕದಲ್ಲಿ ನಮ್ಮಮ್ಮನ್ನ ಮಲಗಿಸ್ಲಾ ಮೇಷ್ಟ್ರೇ?’

ಅವರ ಹೆಂಡತಿ ಕಾಫಿ ತಂದರು. ಕುಡಿಯದೆ ಎದ್ದು ಬಂದೆ.

ಊರಿನವರಿಗೆ ಉಗಿಯಲಿಲ್ಲ ಅಂತಲ್ಲ. ಚೆನ್ನಾಗಿಯೇ ಉಗಿದು ಉಪ್ಪಿನಕಾಯಿ ಹಾಕಿದೆ. ಒಬ್ಬೊಬ್ಬರ ತಾಯಿ ತಂದೆಯರೂ ಆ ಬಯಲಲ್ಲಿದ್ದರು, ಒಬ್ಬರಾದರೂ ಜೇಸಿಬಿಗೆ ಅಡ್ಡ ನಿಲ್ಲಲಿಲ್ಲ. ಕೇಳಿದರೆ, ‘ಮೇಷ್ಟ್ರು ಹೇಳಿದ್ರಲ್ಲಾ’ ಎಂದರು. ಅರವತ್ತು ದಾಟಿದವರೂ ಹಾಗೇ ಎಂದರು. ಬೆತ್ತದ ಭಯ ಇನ್ನೂ ಮೊಣಕಾಲಿನಲ್ಲಿ ಇತ್ತು. ಹೋಗಲಿ, ಇಂಥ ಕಡೆ ಇತ್ತು ಎಂದು ಇಬ್ಬರು ಸೇರಿ ಒಂದು ಜಾಗ ತೋರಿಸಿ ಎಂದರೆ ಅದೂ ಆಗಲಿಲ್ಲ. ಮುಳ್ಳು ಇದ್ದಾಗ ಕಣ್ಣು ಮುಚ್ಚಿಕೊಂಡು ತಮ್ಮ ತಮ್ಮವರ ಗೋರಿಗೆ ಹೋಗುತ್ತಿದ್ದ ಜನ, ಈಗ ಬಯಲಲ್ಲಿ ಪೆದ್ದರ ಹಾಗೆ ನಿಂತು ತಲೆ ಕೆರೆದುಕೊಂಡರು.

ಅಮ್ಮ ಹಾಸಿಗೆ ಹಿಡಿದಳು. ದಿನಾ ಒಂದು ಸಲ, ಅಡುಗೆ ಆಯಿತಾ ಅನ್ನುವ ದನಿಯಲ್ಲೇ ಕೇಳುವಳು.

‘ಜಾಗ ಗೊತ್ತಾಯ್ತೇನೇ?’

ಹುಡುಕ್ತಾವ್ರೆ ಅಮ್ಮ ಅನ್ನುತ್ತಿದ್ದೆ. ಅವಳ ಹೊಟ್ಟೆ ಊದಿ, ಊಟ ಬಿಟ್ಟು, ಮಾತು ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ.

‘ಗೊತ್ತಾಯ್ತಮ್ಮ. ಸಿಕ್ತು ಜಾಗ.’

ಅವಳು ನನ್ನ ಮುಖವನ್ನೇ ನೋಡಿದಳು. ‘ಸಾಯೋರ ಹತ್ರ ಸುಳ್ಳು ಹೇಳ್ಬೇಡ ಕಣಮ್ಮಾ’ ಎಂದಳು. ಸಿಟ್ಟಿರಲಿಲ್ಲ. ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು. ಆಮೇಲೆ ಜಾಗದ ಮಾತು ಎತ್ತಲಿಲ್ಲ. ನಾಲ್ಕೈದು ದಿನಕ್ಕೆ ಹೋಗಿಬಿಟ್ಟಳು.

ಹೆಣ ಊರಿಗೆ ತಂದೆವು. ಅಮ್ಮ ಅವತ್ತು ಹೆಚ್ಚು ಹೊತ್ತು ನಿಂತಿದ್ದ ಕಡೆ ತೋಡಿ ಎಂದೆ. ಸೊಂಟದ ಆಳ ಹೋದ ಮೇಲೆ ಗುದ್ದಲಿಗೆ ಮೂಳೆ ಸಿಕ್ಕಿತು. ತೋಡುವವರು ಕೈ ಮುಗಿದು ಮೇಲೆ ಹತ್ತಿದರು. ಇದ್ದವರ ಮೇಲೆ ಇನ್ನೊಬ್ಬರನ್ನು ಇಡುವಂತಿಲ್ಲ. ಮಣ್ಣು ಮುಚ್ಚಿ, ಅದರ ಎಡಕ್ಕೆ ಒಂದು ಆಳಿನಷ್ಟು ಬಿಟ್ಟು ಇನ್ನೊಂದು ಕಡೆ ತೋಡಿದರು. ಅಲ್ಲಿಯೂ ಮೂಳೆ. ನಾನು ಅಂಚಿನಲ್ಲಿ ಕೂತು ಬಗ್ಗಿ ನೋಡಿದೆ. ಮಣ್ಣಿನ ಬಣ್ಣಕ್ಕೇ ತಿರುಗಿದ ಒಂದು ಉದ್ದ ಮೂಳೆ. ಅಪ್ಪಾ, ನೀನೇನಾ ಎಂದು ಬಾಯಿ ಬಿಟ್ಟೇ ಕೇಳಿದೆ. ಹಿಂದಿನಿಂದ ಯಾರೋ ಹೆಂಗಸರು ನನ್ನ ತೋಳು ಹಿಡಿದು ಎಳೆದರು. ಅದನ್ನೂ ಮುಚ್ಚಿದರು. ಕೊನೆಗೆ ಆ ಎರಡು ಗುಂಡಿಗಳ ನಡುವೆ ಖಾಲಿ ಮಣ್ಣು ಸಿಕ್ಕಿತು. ಅಮ್ಮನನ್ನು ಅಲ್ಲಿ ಮಲಗಿಸಿದೆವು. ಬಲಕ್ಕೆ ಒಬ್ಬರು, ಎಡಕ್ಕೆ ಒಬ್ಬರು. ಅವರಲ್ಲಿ ಒಬ್ಬ ಅಪ್ಪನಿರಬಹುದು. ಇಬ್ಬರೂ ಅಲ್ಲದಿರಬಹುದು. ಹೆಂಗಸರೇ ಇರಬಹುದು, ಯಾರಿಗೆ ಗೊತ್ತು.

ಮೂರನೇ ದಿನ ಹಾಲು ತುಪ್ಪ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಗೋರಿಯ ಮೇಲೆ ಎಲೆ ಹಾಕಿ ಬಡಿಸುತ್ತೇವೆ. ಗಂಡ ಮೊದಲೇ ಹೋಗಿದ್ದರೆ ಅವನಿಗೂ ಪಕ್ಕದಲ್ಲಿ ಒಂದು ಎಲೆ. ಮೇಷ್ಟ್ರು ಬಿಳಿ ಪಂಚೆ ಉಟ್ಟು ಬಂದಿದ್ದರು. ಬಂದವರು ಸುಮ್ಮನಿರಬೇಕಿತ್ತು. ಗೋಡೆಯ ಸಾಲಿನ ಕೊನೆಗೆ ಹೋಗಿ, ಕೈಯಲ್ಲಿ ಗೇಣು ಹಾಕಿ ನೋಡಿ, ‘ನಿಮ್ಮ ತಾಯಿ ಕಲ್ಲಿಗೆ ಇಲ್ಲಿ ಜಾಗ ಇದೆಯಮ್ಮ’ ಎಂದರು. ಅಪ್ಪನಿಗೂ ಅಮ್ಮನಿಗೂ ನಡುವೆ ಆ ಸಾಲಿನಲ್ಲಿ ಇಪ್ಪತ್ತು ವರ್ಷದ ಹೆಣಗಳಿದ್ದವು.

ಅಮ್ಮನ ಎಲೆಗೆ ಮುದ್ದೆ, ಮಸ್ಸೊಪ್ಪು, ಎರಡು ಕಜ್ಜಾಯ ಬಡಿಸಿ ಗೋರಿಯ ಮೇಲಿಟ್ಟೆ. ಅಪ್ಪನ ಎಲೆಗೆ ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತೆ. ಬಲಕ್ಕೆ ನೋಡಿದೆ. ಎಡಕ್ಕೆ ನೋಡಿದೆ. ನನ್ನ ಅಪ್ಪನಿಗೆ ಒಂದು ಎಲೆ ಊಟ ಇಡಲು ನೆಲದ ಮೇಲೆ ಜಾಗವಿರಲಿಲ್ಲ. ನೆಂಟರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು.

‘ಕಲ್ಲಿನ ಮುಂದೆ ಇಡಮ್ಮ, ಅದೇ ಸರಿ’ ಎಂದರು ಮೇಷ್ಟ್ರು.

‘ಕಲ್ಲು ಉಣ್ಣುತ್ತಾ ಮೇಷ್ಟ್ರೇ?’

ನಾನು ಹತ್ತಿರ ಹೋಗಿ ಎಲೆಯನ್ನು ಅವರ ಕೈಗೆ ಕೊಟ್ಟೆ. ಬೇಡ ಅನ್ನಲು ಅವರಿಗೂ ಬಾಯಿ ಬರಲಿಲ್ಲ, ಹಿಡಿದುಕೊಂಡರು.

‘ನೀವೇ ಇಡಿ,’ ಎಂದೆ. ‘ನಮ್ಮಪ್ಪ ಇರೋ ಕಡೆ ಇಡಿ.’

ಚಿಕ್ಕಪ್ಪನ ಮಗ ‘ಬಿಡಕ್ಕ, ವಯಸ್ಸಾದವರು’ ಎಂದ. ನಾನು ಬಿಡಲಿಲ್ಲ. ಮೇಷ್ಟ್ರು ಗೋಡೆಯ ಕಡೆ ನಾಲ್ಕು ಹೆಜ್ಜೆ ಹೋದರು, ಅಪ್ಪನ ಕಲ್ಲಿನ ಮುಂದೆ ಬಗ್ಗಿದರು, ಇಡಲಿಲ್ಲ. ವಾಪಸು ಬಂದರು. ಮುಚ್ಚಿದ ಬಲಗಡೆಯ ಗುಂಡಿಯ ಹತ್ತಿರ ನಿಂತರು. ಎಡಗಡೆಗೆ ಹೋಗಿ ನಿಂತರು. ಕೋಳಿ ಸಾರು ಎಲೆಯ ಅಂಚಿನಿಂದ ಸೋರಿ ಅವರ ಪಂಚೆಯ ಮೇಲೆ ಇಳಿಯುತ್ತಿತ್ತು. ಯಾರೂ ಹತ್ತಿರ ಹೋಗಲಿಲ್ಲ. ಅವರು ಅಷ್ಟಗಲ ಬಯಲನ್ನೆಲ್ಲ ಒಂದು ಸಲ ನೋಡಿ, ನನ್ನ ಕಡೆ ತಿರುಗಿದರು.

‘ಎಲ್ಲಿಡ್ಲಮ್ಮಾ?’ ಎಂದು ಕೇಳಿದರು.